ಜೋಂಬಿ ಹೊರಗೆ, ಜಗಳ ಒಳಗೆ: ಚಿತ್ರಕಥೆ ಟಿಪ್ಪಣಿ

ಧಾರವಾಡದಲ್ಲಿ ನಮ್ಮ ಚಿತ್ರಕಥೆ ಕಲಿಯುವ ಗುಂಪು ಈಚೆಗೆ ನೋಡಿದ ಒಂದು ಸಣ್ಣ ಬಜೆಟ್ ಜೋಂಬಿ (ಸತ್ತ ಮೇಲೂ ಎದ್ದು ಓಡಾಡುವ ಹೆಣ) ಸಿನಿಮಾದ ಬಗ್ಗೆ ಈ ಟಿಪ್ಪಣಿ. ಹೊಸಬರ ಪ್ರಯತ್ನ, ಹೆಸರು ಬೇಡ. ಬೇರೆಯಾಗಲು ಹೊರಟ ಗಂಡ ಹೆಂಡತಿ, ಊರಿಗೆ ಬಡಿದ ಜೋಂಬಿ ರೋಗ, ಬೀಗ ಹಾಕಿದ ಒಂದೇ ಮನೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ನೋಡುವಾಗ ಮಾತ್ರ ಆಕಳಿಕೆ ಬರುತ್ತದೆ.

"ದುಡ್ಡಿಲ್ಲ, ಪಾಪ ಏನ್ ಮಾಡ್ತಾರ" ಎಂದರು ಗೆಳೆಯರು. ನಾನು ಒಪ್ಪುವುದಿಲ್ಲ. ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ 1968ರಲ್ಲಿ ಮಾಡಿದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಸುಮಾರು 1,14,000 ಡಾಲರಿನಲ್ಲಿ ಮುಗಿದಿತ್ತು. ಅದೂ ಹೆಚ್ಚುಕಡಿಮೆ ಒಂದೇ ಮನೆಯ ಕಥೆ. ಕಪ್ಪುಬಿಳುಪು ಚಿತ್ರ, ಹಾಗಾಗಿ ರಕ್ತಕ್ಕೆ ಚಾಕೊಲೇಟ್ ಸಿರಪ್ಪೇ ಸಾಕಾಯಿತು. ಬಡತನ ಎರಡೂ ಕಡೆ ಇದೆ, ವ್ಯತ್ಯಾಸ ಬರವಣಿಗೆಯಲ್ಲಿದೆ.

ನಾವು ನೋಡಿದ ಸಿನಿಮಾದಲ್ಲಿ ಗಂಡ ಹೆಂಡತಿ ಹಳೆಯ ಒಂದು ಮೆಸೇಜಿನ ಬಗ್ಗೆ ಜಗಳ ಆಡುತ್ತಾರೆ. ಜೋಂಬಿ ಬಾಗಿಲು ಬಡಿಯುತ್ತದೆ. ಜಗಳ ನಿಲ್ಲಿಸಿ ಹಲಗೆ ಹೊಡೆಯುತ್ತಾರೆ, ಮತ್ತೆ ಅದೇ ಮೆಸೇಜು. ಇಂಥ ದೃಶ್ಯಕ್ಕೆ ಒಂದು ಪರೀಕ್ಷೆ ಹಾಕಿ: ಜೋಂಬಿ ತೆಗೆದು ಆ ಜಾಗದಲ್ಲಿ ಜೋರು ಮಳೆ ಇಟ್ಟು ನೋಡಿ. ಒಂದು ಮಾತೂ ಬದಲಾಗದಿದ್ದರೆ ಜೋಂಬಿ ಸುಮ್ನೆ ಬಂದುಹೋಗುತ್ತಿದೆ ಎಂದರ್ಥ.

ಈಗ ರೊಮೆರೊ ಸಿನಿಮಾದ ಗಂಡ ಹೆಂಡತಿ ಹ್ಯಾರಿ, ಹೆಲೆನ್ ಜೋಡಿ ನೋಡಿ. ಅವರ ಸಂಸಾರ ಮೊದಲೇ ಹಳಸಿದೆ. ಆದರೆ ಯಾಕೆ ಹಳಸಿತು ಎಂಬ ಪುರಾಣವೇ ಇಲ್ಲ. ನೆಲಮಾಳಿಗೆಯಲ್ಲಿ ಇರಬೇಕೋ, ಮೇಲೆ ಹೋಗಬೇಕೋ ಎಂಬುದೇ ಅವರ ಜಗಳ. ಮೇಲೆ ರೇಡಿಯೋ ಇದೆ ಅಂತ ಗೊತ್ತಾದಾಗ ಹೆಲೆನ್ ಗಂಡನ ಮೇಲೆ ಹರಿಹಾಯುತ್ತಾಳೆ. ಅವನ ಹಟ, ಅಂಜಿಕೆ, ತನ್ನ ಮಾತೇ ನಡೆಯಬೇಕೆಂಬ ಚಾಳಿ, ಎಲ್ಲ ಆ ಒಂದು ಪ್ರಶ್ನೆಯಲ್ಲಿ ಬಯಲಿಗೆ ಬರುತ್ತವೆ. ತಮಾಷೆ ಏನೆಂದರೆ, ಕೊನೆಗೆ ಬೆನ್ ಎಂಬವನು ಬೆಳಗಿನತನಕ ಉಳಿಯುವುದು ಅದೇ ನೆಲಮಾಳಿಗೆಯಲ್ಲಿ! ಹಟಮಾರಿ ಗಂಡನ ಮಾತು ಪೂರ್ತಿ ಸುಳ್ಳಾಗದಂತೆ ಬರೆದಿದ್ದಾರೆ, ಅದು ಜಾಣತನ.

ಅದೇ ಮನೆಯ ಇನ್ನೊಂದು ಜೋಡಿ ಟಾಮ್, ಜೂಡಿ. ಪೆಟ್ರೋಲ್ ತರಲು ಹೊರಟವನನ್ನು ಬಿಟ್ಟಿರಲಾರದೆ ಜೂಡಿ ಕೊನೇ ಗಳಿಗೆಯಲ್ಲಿ ಓಡಿಹೋಗಿ ಟ್ರಕ್ ಹತ್ತುತ್ತಾಳೆ. ಟ್ರಕ್ಕಿಗೆ ಬೆಂಕಿ ಹತ್ತುತ್ತದೆ. ಇಬ್ಬರೂ ಉಳಿಯುವುದಿಲ್ಲ. ಪ್ರೀತಿ ಇಲ್ಲಿ ಬರೀ ಮಾತಲ್ಲ, ಕಥೆಯನ್ನೇ ತಿರುಗಿಸುತ್ತದೆ.

ಅಭ್ಯಾಸಕ್ಕೆ ನಮ್ಮ ಕಡೆಯ ಮನೆ ತೆಗೆದುಕೊಳ್ಳಿ. ಗದಗ ಸೀಮೆಯ ಹಳೇ ಮನೆ, ನೆಲದೊಳಗೆ ಜೋಳ ತುಂಬುವ ಹಗೇವು. ಹಗೇವಿನ ಕಥೆ ಹಿರಿಯರಿಗೆ ಗೊತ್ತು: ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತಿಂದುಹಾಕುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಬಾಯಿ ತೆಗೆದ ಕೂಡಲೇ ಇಳಿದರೆ ಜೀವ ಹೋಗಬಹುದು. ಅದಕ್ಕೇ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುವ ರೂಢಿ. ಜೋಂಬಿಗಳು ಅಂಗಳಕ್ಕೆ ಬಂದಿವೆ, ಗಂಡ ಹೆಂಡತಿ ಹಗೇವಿನ ಬಾಯಿ ಹತ್ತಿರ ನಿಂತಿದ್ದಾರೆ ಎಂದುಕೊಳ್ಳಿ. ಮೊದಲ ಮಾತು ಗಂಡನದು.

"ಮೊದ್ಲ ಇಳಿ, ಆಮ್ಯಾಲೆ ಮಾತು."

"ಈಗರ ಬಾಯಿ ತಗದೀರಿ. ದೀಪಾ ಇಳಿಸಿ ನೋಡ್ರೀ."

"ದೀಪಾ ಹಚ್ಚಿದ್ರ ಅವಕ್ಕ ಬೆಳಕು ಕಾಣ್ತದ."

"ನಿಮ್ಮ ಮಾತು ಕೇಳಿ ಇಲ್ಲೀತನಕ ಬಂದೇನಿ. ಇನ್ನ ಸಾಕ್ರೀ."

ಇಬ್ಬರ ಮಾತಿನಲ್ಲೂ ಹುರುಳಿದೆ. ಹಳೆಯ ಸಿಟ್ಟು ಕೊನೆಯ ಸಾಲಿನಲ್ಲಿ ತಾನಾಗಿ ಬಂತು, ಯಾವ ಮೆಸೇಜೂ ಬೇಕಾಗಲಿಲ್ಲ. ಜೋಂಬಿ ತೆಗೆದು ಮಳೆ ಇಟ್ಟರೆ ದೃಶ್ಯ ಕುಸಿಯುತ್ತದೆ, ಮಳೆಗೆ ಯಾರೂ ಹಗೇವು ಇಳಿಯಲ್ಲ.

ಖರ್ಚಿನ ಲೆಕ್ಕಕ್ಕೂ ಇದು ಹಗುರ. ಇಬ್ಬರು ನಟರು, ಒಂದು ದೀಪ, ಹೊರಗಿನದೆಲ್ಲ ಬರೀ ಸದ್ದಿನಲ್ಲಿ. ಮುಂದಿನ ಪುಟ ನೀವು ಬರೆಯಿರಿ: ದೀಪ ಹಚ್ಚುವವರು ಯಾರು, ಮೊದಲು ಇಳಿಯುವವರು ಯಾರು? ಒಂದೇ ಷರತ್ತು, ಹಿಂದೆ ನಡೆದದ್ದನ್ನು ತೋರಿಸಲು ಫ್ಲ್ಯಾಶ್‌ಬ್ಯಾಕ್ ಬಳಸುವಂತಿಲ್ಲ.