ಸೈಬರ್‌ನೈಫ್ ಅಂತಾರೆ, ಚಾಕು ಎಲ್ಲಿದೆ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಶ್ವಾಸಕೋಶದಲ್ಲಿ ಸಣ್ಣ ಗಡ್ಡೆ ಇದೆ. ಆಪರೇಷನ್ ತಡೆದುಕೊಳ್ಳುವ ಶಕ್ತಿ ಇಲ್ಲ, ರೋಬೋಟ್‌ನಿಂದ ರೇಡಿಯೇಷನ್ ಕೊಡೋಣ, ಮೂರು ಸಿಟಿಂಗ್ ಸಾಕು ಅಂದಿದ್ದಾರೆ ಡಾಕ್ಟರ್. ಸೈಬರ್‌ನೈಫ್ ಅನ್ನೋ ಹೆಸರು ಕೇಳಿದಾಗಿನಿಂದ ಅಪ್ಪ ಹೆದರಿ ಕೂತಿದ್ದಾರೆ. ಒಳಗೆ ಕರೆದುಕೊಂಡು ಹೋಗಿ ನಿಜಕ್ಕೂ ಏನು ಮಾಡ್ತಾರೆ?

ಉತ್ತರ: ಚಾಕು ಇಲ್ಲವೇ ಇಲ್ಲ. ಕುಯ್ಯೋದು, ಹೊಲಿಯೋದು, ಪ್ರಜ್ಞೆ ತಪ್ಪಿಸೋದು ಯಾವುದೂ ಇಲ್ಲ ಅಂತ ಅಪ್ಪನಿಗೆ ಇವತ್ತೇ ಹೇಳಿಬಿಡಿ. ನಮ್ಮ ಕಡೆ ಜನ ‘ಕರೆಂಟ್ ಕೊಡೋದು’ ಅಂತಾರಲ್ಲ, ಅದೇ ರೇಡಿಯೇಷನ್. ಕೊಡುವ ಯಂತ್ರ ಮಾತ್ರ ಬೇರೆ ಥರ. ಎಕ್ಸ್‌ರೇ ಕಿರಣ ಹೊರಡಿಸುವ ಪೆಟ್ಟಿಗೆಯನ್ನು ಒಂದು ರೋಬೋಟ್ ತೋಳಿನ ತುದಿಗೆ ಕೂರಿಸಿದ್ದಾರೆ, ಅಷ್ಟೆ. ಕಾರು ತಯಾರಿಸುವ ಕಾರ್ಖಾನೆಗಳಲ್ಲಿ ಬೆಸುಗೆ ಹಾಕುತ್ತದಲ್ಲ, ಆ ಜಾತಿಯದೇ ತೋಳು. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮೆದುಳಿನ ಸರ್ಜನ್ ಜಾನ್ ಆಡ್ಲರ್ ಅವರ ಕಲ್ಪನೆ ಇದು. 1994ರಲ್ಲಿ ಅಲ್ಲಿ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟರು. ಮೊದಮೊದಲು ತಲೆಯ ಗಡ್ಡೆಗಳಿಗೆ ಬಳಸುತ್ತಿದ್ದರು. 2001ರಲ್ಲಿ ಅಮೆರಿಕದಲ್ಲಿ ದೇಹದ ಬೇರೆ ಭಾಗಗಳಿಗೂ ಅನುಮತಿ ಸಿಕ್ಕಿತು.

ಸಿಟಿಂಗ್ ಕಡಿಮೆ ಯಾಕೆ ಅಂತ ಕೇಳ್ತಾರೆ ಎಲ್ಲರೂ. ಮಾಮೂಲಿ ರೇಡಿಯೇಷನ್‌ನಲ್ಲಿ ದಿನಕ್ಕೆ ಸುಮಾರು 2 ಗ್ರೇ ಕೊಡ್ತಾರೆ. ಗ್ರೇ ಅಂದರೆ ರೇಡಿಯೇಷನ್ನಿನ ಅಳತೆ. ಹಾಗೆ ವಾರಕ್ಕೆ ಐದು ದಿನದಂತೆ 30 ದಿನ ಹೋದರೆ ಆರು ವಾರ ಆಯಿತು. ಇಲ್ಲಿ ಗಡ್ಡೆಗೆ ಮಾತ್ರ ಗುರಿಯಿಡೋದರಿಂದ ಒಂದೊಂದು ಸಲಕ್ಕೆ ಜಾಸ್ತಿ ಕೊಡಬಹುದು. ಶ್ವಾಸಕೋಶದ ಹೊರ ಅಂಚಿನಲ್ಲಿರುವ ಸಣ್ಣ ಗಡ್ಡೆಗೆ ಮೂರೇ ಸಿಟಿಂಗ್‌ನಲ್ಲಿ 54 ಗ್ರೇ ಕೊಡೋದುಂಟು. ಗಡ್ಡೆ ಶ್ವಾಸನಾಳದ ಪಕ್ಕದಲ್ಲಿದ್ದರೆ ಅಷ್ಟು ಜೋರು ಮಾಡೋಕೆ ಹೆದರುತ್ತಾರೆ, ಐದಕ್ಕೋ ಇನ್ನೂ ಜಾಸ್ತಿಗೋ ಹಂಚುತ್ತಾರೆ. ಪಕ್ಕದ ಬೆಡ್‌ನವರಿಗೆ ಐದು, ನಮಗೆ ಯಾಕೆ ಮೂರು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಈಗ ಅಪ್ಪ ಹೆದರಿರುವ ಆ ಕೋಣೆಯ ವಿಷಯ. ನಿಜ ಹೇಳಬೇಕೆಂದರೆ ಇಡೀ ಚಿಕಿತ್ಸೆಯಲ್ಲಿ ಸುಲಭವಾದ ಭಾಗ ಅದೇ. ಕಷ್ಟ ಅನ್ನೋದಿದ್ದರೆ ಅದಕ್ಕೂ ಮೊದಲೇ ಮುಗಿದಿರುತ್ತದೆ.

ಶ್ವಾಸಕೋಶದ ಗಡ್ಡೆ ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಾ ಇರುತ್ತದೆ. ಅದನ್ನು ಹಿಂಬಾಲಿಸೋಕೆ ಯಂತ್ರಕ್ಕೆ ಗುರುತು ಬೇಕು. ಅದಕ್ಕೇ ಅಕ್ಕಿಕಾಳಿಗಿಂತ ಸಪೂರವಾದ ಚಿನ್ನದ ಚೂರುಗಳನ್ನು ಸೂಜಿಯ ಮೂಲಕ ಗಡ್ಡೆಯೊಳಗೋ ಪಕ್ಕದಲ್ಲೋ ಇಡುತ್ತಾರೆ. ಮೂರರಿಂದ ಐದು ಚೂರು. ಚಿಕಿತ್ಸೆ ಮುಗಿದ ಮೇಲೂ ಅವು ಅಲ್ಲೇ ಇರುತ್ತವೆ, ತೊಂದರೆಯಿಲ್ಲ. ಆದರೆ ಎದೆಗೆ ಸೂಜಿ ಹಾಕುವಾಗ ಶ್ವಾಸಕೋಶದಿಂದ ಗಾಳಿ ಸೋರುವ ಅಪಾಯ ಸ್ವಲ್ಪ ಇದೆ. ಹಾಗಾಗಿ ಆಮೇಲೆ ಎಕ್ಸ್‌ರೇ ತೆಗೆದು, ಒಂದಷ್ಟು ಹೊತ್ತು ಕೂರಿಸಿ ಕಳಿಸ್ತಾರೆ. ಅವತ್ತು ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ಅಪ್ಪ ಹಾರ್ಟಿಗೆ ಅಂತ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಸೂಜಿಯ ದಿನಕ್ಕೆ ಎಷ್ಟೋ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ನೀವಾಗಿಯೇ ನಿಲ್ಲಿಸಬೇಡಿ. ಎಲ್ಲರಿಗೂ ಈ ಚಿನ್ನ ಬೇಕಾಗೋದಿಲ್ಲ. ಎಕ್ಸ್‌ರೇಯಲ್ಲೇ ಚೆನ್ನಾಗಿ ಕಾಣುವ ಕೆಲವು ಗಡ್ಡೆಗಳನ್ನು ಯಂತ್ರ ನೇರವಾಗಿ ಗುರುತು ಹಿಡಿಯುತ್ತದೆ. ನಮಗೆ ಬೇಕಾ ಅಂತ ಕೇಳಿ ನೋಡಿ.

ಚೂರುಗಳು ನೆಲೆ ನಿಲ್ಲಲಿ ಅಂತ ಸುಮಾರು ಒಂದು ವಾರ ಬಿಟ್ಟು ಸಿಟಿ ಸ್ಕ್ಯಾನ್ ಮಾಡ್ತಾರೆ. ಆಮೇಲೆ ಕೆಲವು ದಿನ ಫೋನೇ ಬರೋದಿಲ್ಲ. ಮನೆಯವರಿಗೆ ಚಡಪಡಿಕೆ ಶುರುವಾಗೋದು ಆವಾಗಲೇ. ಅಲ್ಲಿ ಕೆಲಸ ನಡೀತಾ ಇರುತ್ತದೆ. ಕಿರಣ ಯಾವ ಕಡೆಯಿಂದ ಹೋಗಬೇಕು, ಹೃದಯ, ಬೆನ್ನುಹುರಿ ಹೇಗೆ ತಪ್ಪಿಸಬೇಕು ಅಂತ ಡಾಕ್ಟರೂ ಫಿಸಿಸಿಸ್ಟೂ ಕೂತು ಲೆಕ್ಕ ಹಾಕ್ತಾರೆ. ಮನುಷ್ಯನ ಬದಲು ಅಳತೆಯ ಅಚ್ಚೊಂದನ್ನು ಇಟ್ಟು ಲೆಕ್ಕ ಸರಿ ಇದೆಯಾ ಅಂತ ನೋಡೋದೂ ಇದೆ.

ಚಿಕಿತ್ಸೆಯ ದಿನ ಅಪ್ಪ ಗಟ್ಟಿ ಬೆಂಚಿನಂಥ ಟೇಬಲ್ ಮೇಲೆ ಮಲಗಬೇಕು. ಮೈಗಂಟುವ ಒಂದು ಅಂಗಿ ಹಾಕಿ, ಅದರ ಮೇಲೆ ಕೆಂಪು ಪುಟ್ಟ ದೀಪಗಳನ್ನು ಅಂಟಿಸುತ್ತಾರೆ. ಕ್ಯಾಮೆರಾ ಆ ದೀಪಗಳನ್ನು ನೋಡಿ ಉಸಿರಿನ ಲಯ ಹಿಡಿಯುತ್ತದೆ. ಮೇಲ್ಛಾವಣಿಯಲ್ಲಿರುವ ಎರಡು ಎಕ್ಸ್‌ರೇ ಕೊಳವೆಗಳು ಆಗಾಗ ಚಿತ್ರ ತೆಗೆದು ಗಡ್ಡೆ ಎಲ್ಲಿದೆ ಅಂತ ಹೇಳುತ್ತವೆ. ಎರಡನ್ನೂ ಹೊಂದಿಸಿಕೊಂಡು ರೋಬೋಟ್ ತೋಳು ಉಸಿರಿನ ಜೊತೆಗೇ ಅಲುಗುತ್ತದೆ. ಹಾಗಾಗಿ ಉಸಿರು ಬಿಗಿ ಹಿಡಿಯಬೇಕಿಲ್ಲ. ಎಂದಿನಂತೆ ಆಡಿದರೆ ಸಾಕು. ತೋಳು ಸುತ್ತ ತಿರುಗುತ್ತಾ ಒಂದು ಕಡೆ ನಿಲ್ಲುತ್ತದೆ, ಕಿರಣ ಬಿಡುತ್ತದೆ, ಇನ್ನೊಂದು ಕಡೆ ಹೋಗುತ್ತದೆ. ನೂರಕ್ಕೂ ಜಾಸ್ತಿ ಸಲ ಹೀಗೆ ಆಗಬಹುದು. ಹತ್ತಿರ ಬಂದಾಗ ಮೈಮೇಲೇ ಬಿತ್ತು ಅನಿಸುತ್ತದೆ. ಆದರೆ ಮುಟ್ಟೋದಿಲ್ಲ. ಕಿರಣ ಕಣ್ಣಿಗೆ ಕಾಣೋದಿಲ್ಲ, ಬಿಸಿಯೂ ಆಗೋದಿಲ್ಲ. ಯಂತ್ರದ ಗುಂಯ್ ಶಬ್ದ ಇರುತ್ತದೆ. ಒಂದು ಸಿಟಿಂಗ್‌ಗೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ.

ಕೋಣೆಯಲ್ಲಿ ಅಪ್ಪ ಒಬ್ಬರೇ. ಹೊರಗಿನವರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಮೈಕಿನಲ್ಲಿ ಮಾತಾಡಿದರೆ ಕೇಳಿಸುತ್ತದೆ. ಕೆಮ್ಮು ಬಂತು, ಬೆನ್ನು ಹಿಡಿಯಿತು ಅಂದರೆ ನಿಲ್ಲಿಸುತ್ತಾರೆ, ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು. ನಮ್ಮ ದೊಡ್ಡಮ್ಮನಿಗೆ ತಲೆಯ ಗಡ್ಡೆಗೆ ಇದೇ ಚಿಕಿತ್ಸೆ ಆಗಿತ್ತು. ತಲೆಯಾದ್ದರಿಂದ ಅವರಿಗೆ ಅಂಗಿ ಬದಲು ಮಾಸ್ಕ್. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತಿ ಅಚ್ಚು ತೆಗೆದಿದ್ದರು. ಹೊರಗೆ ಬಂದಾಗ ಕೆನ್ನೆ ಮೇಲೆ ಜರಡಿ ಒತ್ತಿದ ಹಾಗೆ ಗುರುತು. ಹೇಗಿತ್ತು ದೊಡ್ಡಮ್ಮ ಅಂದರೆ, “ಮೂಗು ತುರಿಸ್ತಿತ್ತು ಕಣೇ, ಕೆರ್ಕೊಳಕ್ಕಾಗ್ಲಿಲ್ಲ” ಅಂದರು. ಬೇರೆ ದೂರು ಇರಲಿಲ್ಲ. ಒಳಗೆ ಚಳಿ ಇರುತ್ತೆ, ಹೊದಿಕೆ ಕೇಳಿ. ಮೊದಲೇ ಬಾತ್‌ರೂಮಿಗೆ ಹೋಗಿ ಬರಲಿ. ಅಪ್ಪನಿಗೆ ಇಷ್ಟದ ಹಾಡು ಹಾಕಿಸಬಹುದಾ ಅಂತಲೂ ವಿಚಾರಿಸಿ, ಎಷ್ಟೋ ಕಡೆ ಒಪ್ಪುತ್ತಾರೆ.

ಮುಗಿದ ಮೇಲೆ ಅವತ್ತೇ ಮನೆಗೆ. ಮೈಯಲ್ಲಿ ರೇಡಿಯೇಷನ್ ಉಳಿಯೋದಿಲ್ಲ. ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು, ತಟ್ಟೆ ಲೋಟ ಬೇರೆ ಇಡೋದೆಲ್ಲ ಬೇಡ. ಎದೆಗೆ ಕೊಟ್ಟ ರೇಡಿಯೇಷನ್‌ಗೆ ತಲೆಕೂದಲು ಉದುರೋದಿಲ್ಲ. ಕೆಲವು ದಿನ ಸುಸ್ತು ಇರುತ್ತದೆ. ನೀವು ಗಮನ ಇಡಬೇಕಾದ್ದು ಅದಾದ ಮೇಲೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಣಕೆಮ್ಮು, ದಮ್ಮು, ಸಣ್ಣ ಜ್ವರ ಬರಬಹುದು. ರೇಡಿಯೇಷನ್‌ನಿಂದ ಶ್ವಾಸಕೋಶ ಉರಿಯೂತ ಆಗಿರುವ ಲಕ್ಷಣ ಅದು. ಹವಾಮಾನ ಬದಲಾಯ್ತು ಅಂತ ಕಷಾಯ ಕುಡಿಸಿ ಸುಮ್ನಿರಬೇಡಿ. ಚಿಕಿತ್ಸೆ ಕೊಟ್ಟ ಡಾಕ್ಟರಿಗೇ ತೋರಿಸಿ. ಪಕ್ಕೆಲುಬಿನ ಹತ್ತಿರದ ಗಡ್ಡೆಯಾದರೆ ಅಲ್ಲಿ ನೋವೂ ಬರಬಹುದು.

ಇನ್ಶೂರೆನ್ಸ್ ವಿಷಯ ಒಂದು ಮಾತು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಕೊಟ್ಟ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ‘ರೋಬೋಟಿಕ್ ಸರ್ಜರಿ’ ಬೇರೆ, ‘ಸ್ಟೀರಿಯೋಟ್ಯಾಕ್ಟಿಕ್ ರೇಡಿಯೋ ಸರ್ಜರಿ’ (ಅಂದರೆ ಹೀಗೆ ಗುರಿಯಿಟ್ಟು ಕೊಡುವ ರೇಡಿಯೇಷನ್) ಬೇರೆ. ನಿಮ್ಮದು ಎರಡನೆಯ ಗುಂಪಿನದು. ಕೌಂಟರಿನಲ್ಲಿ ಬರೀ ‘ರೋಬೋಟ್’ ಅಂದರೆ ಗೊಂದಲ ಆದೀತು. ಪಾಲಿಸಿಯಲ್ಲಿ ಇದಕ್ಕೆ ಮಿತಿ ಎಷ್ಟಿದೆ ಅಂತ ಮೊದಲೇ ನೋಡಿ, ಒಪ್ಪಿಗೆ ಪಡೆದುಕೊಂಡೇ ದಿನ ಗೊತ್ತು ಮಾಡಿ. ಇನ್ನೊಂದು, ರೋಬೋಟ್ ಇದ್ದರಷ್ಟೇ ಒಳ್ಳೆ ಚಿಕಿತ್ಸೆ ಅಂತೇನಿಲ್ಲ. ಮಾಮೂಲಿ ಆಕಾರದ ಒಳ್ಳೆಯ ಯಂತ್ರಗಳಲ್ಲೂ ಇಂಥದೇ ಗುರಿಯಿಟ್ಟ ರೇಡಿಯೇಷನ್ ಕೊಡುತ್ತಾರೆ. ಊರಿಗೆ ಹತ್ತಿರ ಅದು ಸಿಗುತ್ತದೆ ಅಂದರೆ ನಾನಂತೂ ಅದನ್ನೂ ವಿಚಾರಿಸುತ್ತೇನೆ.

ಗಡ್ಡೆ ಮರುದಿನವೇ ಮಾಯವಾಗೋದಿಲ್ಲ. ಮೊದಲ ಸ್ಕ್ಯಾನ್ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ. ಅದರಲ್ಲಿ ಗಡ್ಡೆಯ ಸುತ್ತ ಬೆಳ್ಳಗೆ ಹರಡಿಕೊಂಡ ಹಾಗೆ ಕಾಣಬಹುದು. ‘ದೊಡ್ಡದಾಗಿದೆ’ ಅಂತ ರಿಪೋರ್ಟಿನಲ್ಲಿ ಬರೆದಿರಲೂಬಹುದು. ಎಷ್ಟೋ ಸಲ ಅದು ರೇಡಿಯೇಷನ್ನಿನ ಗಾಯದ ಕಲೆ. ಯಾವುದು ಕಲೆ, ಯಾವುದು ಗಡ್ಡೆ ಅಂತ ಹಳೆಯ ಚಿತ್ರದ ಪಕ್ಕ ಇಟ್ಟು ನೋಡಿದರೇ ಗೊತ್ತಾಗೋದು. ಹೋಗುವಾಗ ರಿಪೋರ್ಟ್ ಹಾಳೆ ಮಾತ್ರ ಅಲ್ಲ, ಹಿಂದಿನ ಸ್ಕ್ಯಾನ್‌ಗಳ ಸಿಡಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.