ಸಾಫ್ಟ್‌ಬಾಲ್ ಕ್ಯಾಚರ್: ಚೆಂಡಿಗಿಂತ ಮೊದಲು ಹೊರಡಬೇಕಾದ ಮಾತು

ರಕ್ಷಣೆಗೆ ನಿಂತ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಕಡೆಗೆ ಮುಖ ಮಾಡಿರುತ್ತಾರೆ. ಪ್ಲೇಟಿನ ಹಿಂದೆ ಎಸೆತ ಹಿಡಿಯುವ ಕ್ಯಾಚರ್ ಒಬ್ಬಳೇ ಅವರೆಲ್ಲರಿಗೆ ಎದುರಾಗಿ ಕುಳಿತಿರುತ್ತಾಳೆ. ಮೂರೂ ಬೇಸ್‌ಗಳು, ಓಟಗಾರ್ತಿಯರು, ಬೇಸ್‌ಗಳಾಚೆಗಿನ ಔಟ್‌ಫೀಲ್ಡಿನಲ್ಲಿ ಬಿಟ್ಟುಹೋದ ಖಾಲಿ ಜಾಗ, ಎಲ್ಲವೂ ಒಂದೇ ನೋಟಕ್ಕೆ ಸಿಗುವುದು ಅವಳಿಗೆ ಮಾತ್ರ. ಎಸೆಯಲು ಅಣಿಯಾದ ಪಿಚರ್‌ಗೆ ಸೆಕೆಂಡ್ ಬೇಸಿನ ಓಟಗಾರ್ತಿ ಬೆನ್ನ ಹಿಂದಿರುತ್ತಾಳೆ. ಕ್ಯಾಚರ್‌ಗೆ ನಾಯಕತ್ವ ಬರುವುದು ಗಟ್ಟಿ ದನಿಯಿಂದಲ್ಲ, ಈ ನೋಟದಿಂದ. ತಾನು ಕಂಡದ್ದನ್ನು ಉಳಿದವರಿಗೆ ಬೇಕಾಗುವ ಮೊದಲೇ ತಲುಪಿಸುವುದೇ ಅವಳ ಕೆಲಸ.

'ಮೊದಲೇ' ಎಂಬ ಮಾತಿಗೆ ಇಷ್ಟು ಒತ್ತು ಏಕೆ ಎಂಬುದು ಮೈದಾನದ ಅಳತೆಯಿಂದ ತಿಳಿಯುತ್ತದೆ. ಮಹಿಳೆಯರ ಫಾಸ್ಟ್‌ಪಿಚ್ ಆಟದಲ್ಲಿ ಪಿಚಿಂಗ್ ದೂರ 43 ಅಡಿ, ಬೇಸ್‌ನಿಂದ ಬೇಸ್‌ಗೆ 60 ಅಡಿ. ಗಂಟೆಗೆ 96 ಕಿಲೋಮೀಟರ್ ವೇಗದ ಎಸೆತ ಸುಮಾರು ಅರ್ಧ ಸೆಕೆಂಡಿನಲ್ಲಿ ಬ್ಯಾಟಿನ ಬಳಿ ಇರುತ್ತದೆ; ಚುರುಕಾದ ಬ್ಯಾಟರ್ ಮೂರು ಸೆಕೆಂಡುಗಳ ಆಸುಪಾಸಿನಲ್ಲಿ ಫಸ್ಟ್ ಬೇಸ್ ಮುಟ್ಟುತ್ತಾಳೆ. ಚೆಂಡು ನೆಲದ ಮೇಲಿರುವಾಗ ಯೋಚಿಸಲು ಹೊರಟವರಿಗೆ ಸಮಯ ಸಿಗದು. ಆದ್ದರಿಂದ ಪ್ರತಿ ಎಸೆತಕ್ಕೂ ಮುನ್ನ ಕ್ಯಾಚರ್ ಎದ್ದು ನಿಂತು, ಎಷ್ಟು ಔಟ್ ಆಗಿವೆ, ಚೆಂಡು ಮೊದಲು ಯಾವ ಬೇಸ್‌ಗೆ ಹೋಗಬೇಕು ಎಂಬುದನ್ನು ಕೂಗಿ ಹೇಳಬೇಕು. ಎರಡು ಔಟ್ ಎಂದು ಕೈಸನ್ನೆ ಮಾಡುವಾಗ ತೋರುಬೆರಳು ಮತ್ತು ಕಿರುಬೆರಳನ್ನು ಎತ್ತುವ ರೂಢಿಯಿದೆ. ಪಕ್ಕಪಕ್ಕದ ಎರಡು ಬೆರಳುಗಳು ದೂರದ ಔಟ್‌ಫೀಲ್ಡರ್‌ಗೆ ಒಂದೇ ಬೆರಳಿನಂತೆ ಕಾಣಬಹುದು.

ಈ ಪಾಠ ನಿಜವಾಗಿ ಅರ್ಥವಾಗುವುದು ಬಂಟ್‌ನಲ್ಲಿ, ಅಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ ಹತ್ತಿರದಲ್ಲೇ ಬೀಳಿಸುವ ಹೊಡೆತದಲ್ಲಿ. ಫಸ್ಟ್ ಬೇಸಿನಲ್ಲಿ ಓಟಗಾರ್ತಿ ಇದ್ದಾಗ ಬ್ಯಾಟರ್ ಬಂಟ್‌ಗೆ ಮುಂದಾದರೆ ಫಸ್ಟ್ ಮತ್ತು ಥರ್ಡ್ ಬೇಸಿನ ಆಟಗಾರ್ತಿಯರು ಒಳಗೆ ನುಗ್ಗುತ್ತಾರೆ, ಪಿಚರ್ ಮುಂದಕ್ಕೆ ಇಳಿಯುತ್ತಾಳೆ, ಸೆಕೆಂಡ್ ಬೇಸಿನವಳು ಫಸ್ಟ್ ಬೇಸ್ ಕಾಯಲು ಓಡುತ್ತಾಳೆ, ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಸೆಕೆಂಡ್ ಬೇಸ್‌ಗೆ ಸರಿಯುತ್ತಾಳೆ. ಚೆಂಡಿನ ಮೇಲೆ ಬಾಗಿದವಳಿಗೆ ಓಟಗಾರ್ತಿ ಎಲ್ಲಿದ್ದಾಳೆಂದು ಕಾಣುವುದಿಲ್ಲ. ಚೆಂಡು ಅವಳ ಕೈ ಸೇರುವ ಮೊದಲೇ 'ಒಂದು, ಒಂದು' ಅಥವಾ 'ಎರಡು, ಎರಡು' ಎಂದು ಎಸೆಯಬೇಕಾದ ಬೇಸಿನ ಸಂಖ್ಯೆ ಹೇಳುವ ಕರೆ ಕಿವಿಗೆ ಬಿದ್ದಿರಬೇಕು. ಕ್ಯಾಚರ್ ಆಗಿ ಕಲಿಕೆಯ ಆರಂಭದಲ್ಲಿ ನಾನು ಒಮ್ಮೆ 'ಎರಡು' ಎಂದು ಕೂಗಿ, ಓಟಗಾರ್ತಿಯ ವೇಗ ಕಂಡು ಮರುಕ್ಷಣವೇ 'ಒಂದು' ಎಂದು ಬದಲಿಸಿದೆ. ಥರ್ಡ್ ಬೇಸಿನ ಆಟಗಾರ್ತಿಯ ಪಾದ ಸೆಕೆಂಡ್ ಬೇಸಿನ ಕಡೆ ತಿರುಗಿಯಾಗಿತ್ತು. ಮೈ ತಿರುಚಿ ಎಸೆದ ಚೆಂಡು ಫಸ್ಟ್ ಬೇಸ್ ದಾಟಿ ರೈಟ್ ಫೀಲ್ಡಿಗೆ ಉರುಳಿತು, ಇಬ್ಬರೂ ಉಳಿದುಕೊಂಡರು. ತಪ್ಪು ಎಸೆದವಳದಲ್ಲ, ನನ್ನದು. ಅನುಮಾನವಿದ್ದರೆ ಮೊದಲಿಗೇ 'ಒಂದು' ಎಂದು ಕರೆದು ಖಚಿತವಾದ ಒಂದು ಔಟ್ ಪಡೆಯುವುದು ಮೇಲು ಎಂಬುದು ಅಂದಿನಿಂದ ನನ್ನ ನಿಲುವು. ಇದೇ ಸಂದರ್ಭದಲ್ಲಿ ಥರ್ಡ್ ಬೇಸ್ ಖಾಲಿಯಾಗುವುದನ್ನು ಮರೆಯಬಾರದು. ಅದನ್ನು ಕಾಯಲು ಓಡುವುದು ಕ್ಯಾಚರ್ ಎಂದಾದರೆ, ಹೋಮ್ ಪ್ಲೇಟ್ ಪಿಚರ್‌ನ ಹೊಣೆ ಎಂದು ಮೊದಲೇ ಒಪ್ಪಿಕೊಂಡಿರಬೇಕು.

ಸ್ಟೀಲ್, ಅಂದರೆ ಚೆಂಡು ಬ್ಯಾಟಿಗೆ ತಾಗದಿದ್ದರೂ ಓಟಗಾರ್ತಿ ಮುಂದಿನ ಬೇಸ್‌ಗೆ ಓಡುವುದನ್ನು, ತಡೆಯುವುದನ್ನು ಹೆಚ್ಚಿನವರು ತೋಳಿನ ಬಲದ ವಿಷಯವೆಂದೇ ಭಾವಿಸುತ್ತಾರೆ. ಪಿಚರ್ ಕೈಯಿಂದ ಚೆಂಡು ಬಿಡುಗಡೆಯಾಗುವವರೆಗೆ ಓಟಗಾರ್ತಿ ಬೇಸ್ ಬಿಡುವಂತಿಲ್ಲ. ಹೋಮ್‌ನಿಂದ ಸೆಕೆಂಡ್ ಬೇಸ್‌ಗೆ ಸುಮಾರು 85 ಅಡಿ. ಎಸೆತ ಎಷ್ಟೇ ಚುರುಕಾಗಿದ್ದರೂ ಅಲ್ಲಿ ಹಿಡಿಯುವವರು ಯಾರೆಂದು ನಿರ್ಧಾರವಾಗದಿದ್ದರೆ ಚೆಂಡು ಸೆಂಟರ್ ಫೀಲ್ಡಿಗೆ ಹೋಗುತ್ತದೆ. ಫಸ್ಟ್ ಮತ್ತು ಥರ್ಡ್ ಎರಡರಲ್ಲೂ ಓಟಗಾರ್ತಿಯರಿದ್ದಾಗ ತೊಡಕು ಹೆಚ್ಚು, ಏಕೆಂದರೆ ಫಸ್ಟ್‌ನಿಂದ ಹೊರಟವಳು ಎಸೆತವನ್ನು ತನ್ನ ಕಡೆ ಸೆಳೆದು, ಇನ್ನೊಬ್ಬಳಿಗೆ ಹೋಮ್ ದಾರಿ ತೆರೆಯಲು ನೋಡುತ್ತಾಳೆ. ಕೊನೆಯದಾದ ಏಳನೆಯ ಇನ್ನಿಂಗ್ಸ್‌ನಲ್ಲಿ ಒಂದೇ ರನ್ನಿನ ಮುನ್ನಡೆಯಿದ್ದರೆ ಥರ್ಡ್ ಬೇಸಿನವಳೇ ಮುಖ್ಯ, ಹಾಗಾಗಿ ಚೆಂಡನ್ನು ಪಿಚರ್‌ಗೆ ಅಥವಾ ಮುಂದೆ ಬಂದು ನಿಂತ ಶಾರ್ಟ್‌ಸ್ಟಾಪ್‌ಗೆ ಕೊಡುವುದು ಸರಿ. ನಾಲ್ಕು ರನ್ ಮುಂದಿದ್ದರೆ ಸೆಕೆಂಡ್ ಬೇಸ್‌ಗೇ ಎಸೆದು ಔಟ್ ಪಡೆಯಬಹುದು.

ಔಟ್‌ಫೀಲ್ಡಿನಿಂದ ಹೋಮ್‌ಗೆ ಬರುವ ಎಸೆತದಲ್ಲಿ ನಡುವೆ ನಿಂತ ಕಟ್‌ಆಫ್ ಆಟಗಾರ್ತಿ ಹೋಮ್‌ಗೆ ಬೆನ್ನು ಹಾಕಿರುತ್ತಾಳೆ. ಕ್ಯಾಚರ್‌ನಿಂದ 'ಕಟ್' ಎಂಬ ಕರೆಯ ಜೊತೆಗೆ ಬೇಸಿನ ಸಂಖ್ಯೆ ಬಂದರೆ ಆಕೆ ಚೆಂಡನ್ನು ತಡೆದು ಅತ್ತ ಎಸೆಯುತ್ತಾಳೆ. ಕರೆ ಬಾರದಿದ್ದರೆ ಚೆಂಡನ್ನು ಹಾಗೇ ಬಿಡುತ್ತಾಳೆ. ಇಲ್ಲಿ ಮೌನವೂ ಒಂದು ಆಜ್ಞೆ.

ಪಿಚರ್‌ನೊಂದಿಗಿನ ಕೆಲಸ ಇದಕ್ಕಿಂತ ನಿಧಾನವಾದದ್ದು. ಥರ್ಡ್ ಬೇಸಿನಲ್ಲಿ ಓಟಗಾರ್ತಿ ಇರುವಾಗಲೂ ಪ್ಲೇಟಿನ ಬಳಿ ಕೆಳಗಿಳಿಯುವ ಡ್ರಾಪ್ ಬಾಲನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಎಸೆಯುವ ಧೈರ್ಯ ಪಿಚರ್‌ಗೆ ಬರಬೇಕಾದರೆ, ಕ್ಯಾಚರ್ ಮೊಣಕಾಲೂರಿ, ಗದ್ದ ತಗ್ಗಿಸಿ, ಭುಜಗಳನ್ನು ಒಳಕ್ಕೆ ಬಾಗಿಸಿ, ಚೆಂಡು ಎದೆಗೆ ಬಡಿದು ತನ್ನ ಮುಂದೆಯೇ ಬೀಳುವಂತೆ ಮಾಡುವುದನ್ನು ಆಕೆ ಹತ್ತಾರು ಬಾರಿ ಕಂಡಿರಬೇಕು. ಸಹ ಆಟಗಾರ್ತಿಯೊಬ್ಬಳ ಕೈಯಿಂದ ಚೆಂಡು ಜಾರಿದ ಮರುಗಳಿಗೆಯಲ್ಲೂ ಇದೇ ನಂಬಿಕೆ ಬೇಕಾಗುತ್ತದೆ. ಆಗ ಸಮಾಧಾನದ ಮಾತುಗಳಿಗಿಂತ ಮುಂದಿನ ಎಸೆತದ ಮಾಹಿತಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನಾನು ಕಂಡಿದ್ದೇನೆ: ಕ್ಯಾಚರ್ ಪ್ಲೇಟಿನ ಮುಂದೆ ಬಂದು, ಚೆಂಡು ಬಿಟ್ಟವಳ ಕಣ್ಣನ್ನೇ ನೋಡಿ, 'ಒಂದು ಔಟ್, ನಿನ್ನ ಕಡೆ ಬಂದರೆ ಎರಡು' ಎಂದು ಎಂದಿನ ದನಿಯಲ್ಲೇ ಹೇಳಿ, ಆಕೆ ತಲೆಯಾಡಿಸಿದ ಮೇಲೆ ತನ್ನ ಜಾಗಕ್ಕೆ ಮರಳಿ ಕುಳಿತುಕೊಳ್ಳುತ್ತಾಳೆ.