ನವೆಂಬರ್ 26ರ ಬ್ಯಾನರಿನ ಮೇಲೆ ಏನು ಬರೆಸಬೇಕು?

ನವೆಂಬರ್ ಕೊನೆಯ ವಾರ ಬಂತೆಂದರೆ ಕಾರವಾರವಿರಲಿ, ಶಿರಸಿಯಿರಲಿ, ಕಾನೂನು ಓದುವ ಹುಡುಗರಿಗೆ ಅದೇ ಗೊಂದಲ. ಹಿರಿಯ ವಕೀಲರು ‘ಕಾನೂನು ದಿನ’ ಎನ್ನುತ್ತಾರೆ. ಸುತ್ತೋಲೆಯಲ್ಲಿ ‘ಸಂವಿಧಾನ ದಿನ’ ಎಂದಿರುತ್ತದೆ. ಮನೆಯಲ್ಲಿ ಹೇಳಿದರೆ ‘ಅದು ಜನವರಿ 26 ಅಲ್ಲವೇನೋ?’ ಎಂಬ ಪ್ರಶ್ನೆ. ಮೂವರೂ ತಪ್ಪು ಹೇಳುತ್ತಿಲ್ಲ, ಒಬ್ಬೊಬ್ಬರು ಒಂದೊಂದು ಕಾಲದ ಮಾತು ಹೇಳುತ್ತಿದ್ದಾರೆ ಅಷ್ಟೆ.

ಸಂವಿಧಾನ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೌರತ್ವ, ಚುನಾವಣಾ ಆಯೋಗದಂಥ ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು. ಯಾವ್ಯಾವುವು ಎಂಬುದು 394ನೇ ವಿಧಿಯಲ್ಲಿದೆ. ಉಳಿದದ್ದಕ್ಕೆ ಎರಡು ತಿಂಗಳು ಕಾದರು. 1930ರ ಜನವರಿ 26ರ ಪೂರ್ಣ ಸ್ವರಾಜ್ಯ ದಿನಕ್ಕೆ ಹೊಂದಿಸಬೇಕಿತ್ತು. ಅದೇ 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು. ಹಾಗಾಗಿ ಉತ್ತರ ಕನ್ನಡ ಜಿಲ್ಲೆಗೆ ಜನವರಿಯ ದಿನ ಹೆಚ್ಚು ಹತ್ತಿರದ್ದು. ನವೆಂಬರ್ 26 ಮೂವತ್ತು ವರ್ಷ ಯಾರಿಗೂ ನೆನಪಾಗಲಿಲ್ಲ.

1979ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸಂಘ ಈ ದಿನವನ್ನು ‘ಕಾನೂನು ದಿನ’ ಎಂದು ಆಚರಿಸಲು ತೊಡಗಿತು. ಆಗ ಅದು ವಕೀಲರ ಒಳಮನೆಯ ಕಾರ್ಯಕ್ರಮ: ನ್ಯಾಯಾಂಗದ ಸ್ಥಿತಿಗತಿ, ಬಾಕಿ ಪ್ರಕರಣ, ಒಂದಿಷ್ಟು ಆತ್ಮವಿಮರ್ಶೆ. 2015ರಲ್ಲಿ, ಅಂಬೇಡ್ಕರ್ ಅವರ 125ನೇ ಜಯಂತಿಯ ವರ್ಷದಲ್ಲಿ, ಕೇಂದ್ರ ಸರ್ಕಾರ ಅದನ್ನೇ ‘ಸಂವಿಧಾನ ದಿನ’ ಎಂದು ಘೋಷಿಸಿತು. ಕೋರ್ಟಿನ ಅಂಗಳದಲ್ಲಿದ್ದ ದಿನ ಶಾಲೆ, ಕಚೇರಿ, ಪಂಚಾಯಿತಿಗೆ ಬಂತು. 2023ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಪ್ರತಿದಿನ ಸಂವಿಧಾನದ ಪೀಠಿಕೆ ಓದಿಸುವ ತೀರ್ಮಾನ ಮಾಡಿತು. 2024ರ ಸೆಪ್ಟೆಂಬರ್ 15ರಂದು ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿ.ಮೀ. ಮಾನವ ಸರಪಳಿಯೂ ಆಯಿತು.

ಹರಡಿದ್ದು ಒಳ್ಳೆಯದೇ. ಆದರೆ ಹರಡುತ್ತ ಹರಡುತ್ತ ದಿನದ ತಿರುಳು ಚರ್ಚೆಯಿಂದ ಓದಿಗೆ, ಓದಿನಿಂದ ಫೋಟೊಗೆ ಜಾರಿತು. ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆಯ ಕಡತಕ್ಕೆ ಸ್ಥಳ, ಸಮಯ ನಮೂದಾದ ಚಿತ್ರ ಬೇಕು. ವಾದದಲ್ಲಿ ಯಾರು ಗೆದ್ದರೆಂದು ಚಿತ್ರದಲ್ಲಿ ಕಾಣುವುದಿಲ್ಲ.

ಓದನ್ನಾದರೂ ನೆಟ್ಟಗೆ ಮಾಡೋಣವೆಂದರೆ ಅಲ್ಲೂ ತೊಡಕು. ಮೂಲ ಸಂವಿಧಾನವನ್ನು ಬರೆದ ಲಿಪಿಕಾರ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಬರಹದ, ಚಿತ್ತಾರದ ಅಂಚಿನ ಪೀಠಿಕೆಯ ಪುಟ ಬ್ಯಾನರಿಗೆ ಬಹಳ ಚೆಂದ. ಅದು 1949ರ ಪಠ್ಯ. ‘ಸಮಾಜವಾದಿ’, ‘ಜಾತ್ಯತೀತ’, ‘ಅಖಂಡತೆ’ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ, ಜಾರಿಯಾದದ್ದು 1977ರ ಜನವರಿ 3ರಂದು. ಹಳೆಯ ಪುಟವನ್ನು ಹಿಂದೆ ಕಟ್ಟಿ ಈಗಿನ ಪಠ್ಯವನ್ನು ಮೈಕಿನಲ್ಲಿ ಓದಿದರೆ ಗೋಡೆಯದ್ದೊಂದು, ಬಾಯಿಯದ್ದೊಂದು. 2015ರ ಜನವರಿಯಲ್ಲಿ ಕೇಂದ್ರದ ಜಾಹೀರಾತೊಂದು ಇದೇ ಹಳೆಯ ಪುಟ ಬಳಸಿ ದೊಡ್ಡ ಗದ್ದಲವೇ ಆಗಿತ್ತು. ಹಳೆಯ ಪುಟವೇ ಬೇಕೆಂದಿದ್ದರೆ ಕೆಳಗೆ ‘1949ರ ಮೂಲ ಪ್ರತಿ’ ಎಂದು ಒಂದು ಸಾಲು ಹಾಕಿದರೆ ಸಾಕು. 1949ರ ದಿನಾಂಕ ಹೊತ್ತ ಪೀಠಿಕೆಯೊಳಗೆ 1976ರ ಪದ ಹೇಗೆ ಎಂದು ಕೇಳಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 25ರಂದು ವಜಾ ಮಾಡಿದೆ. ಅದೂ ಸಂವಿಧಾನ ದಿನದ ಮುನ್ನಾದಿನ!

ಕನ್ನಡದ್ದು ಇನ್ನೊಂದು ಕತೆ. ‘ಸೆಕ್ಯುಲರ್’ ಪದಕ್ಕೆ ಒಂದು ಹಾಳೆಯಲ್ಲಿ ‘ಜಾತ್ಯತೀತ’, ಇನ್ನೊಂದರಲ್ಲಿ ‘ಸರ್ವಧರ್ಮ ಸಮಭಾವ’, ಮತ್ತೊಂದರಲ್ಲಿ ‘ಧರ್ಮನಿರಪೇಕ್ಷ’. ಮೂರರ ಅರ್ಥವೂ ಒಂದಲ್ಲ. 1987ರ 58ನೇ ತಿದ್ದುಪಡಿ ತಂದ 394ಎ ವಿಧಿ ಹಿಂದಿ ಪಠ್ಯದ ಬಗ್ಗೆ ಹೇಳುತ್ತದೆ, ಕನ್ನಡದ ಮಾತೆತ್ತುವುದಿಲ್ಲ. ಹಾಗಾಗಿ ಮೈಕಿನವನ ಕೈಯಲ್ಲೂ ಸಭೆಯ ಕೈಯಲ್ಲೂ ಒಂದೇ ಹಾಳೆಯ ನಕಲಿರುವಂತೆ ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಎರಡನೇ ಸಾಲಿಗೇ ದನಿ ಒಡೆಯುತ್ತದೆ. ಇನ್ನು ಕನ್ನಡದಲ್ಲಿ ಕ್ರಿಯಾಪದ ಕಟ್ಟಕಡೆಗೆ ಬರುವುದರಿಂದ ‘ಜನತೆಯಾದ ನಾವು’ ಎಂದು ಶುರುವಾದ ವಾಕ್ಯ ‘ಅರ್ಪಿಸಿಕೊಂಡಿದ್ದೇವೆ’ ಎಂಬಲ್ಲಿಯವರೆಗೂ ತೂಗಾಡುತ್ತಿರುತ್ತದೆ. ಇಡೀ ಸಾಲು ಒಮ್ಮೆಗೇ ಹೇಳಿಕೊಟ್ಟರೆ ಹಿಂದಿನ ಬೆಂಚು ಗುನುಗುತ್ತದೆ. ನಾಲ್ಕೈದು ಪದಕ್ಕೊಮ್ಮೆ ತುಂಡು ಮಾಡಿ, ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಈ ನಾಲ್ಕರ ಬಳಿ ತುಸು ಹೆಚ್ಚು ನಿಲ್ಲಬೇಕು.

ಓದು, ಫೋಟೊಗಳ ನಡುವೆ ವಿದ್ಯಾರ್ಥಿಗಳೇ ವಕೀಲರಾಗಿ ವಾದಿಸುವ ಅಣಕು ನ್ಯಾಯಾಲಯ ಏಕೆ ಕೈಬಿಟ್ಟುಹೋಗುತ್ತದೆ ಎನ್ನುವುದಕ್ಕೆ ಕಾರಣ ಸಣ್ಣದು. ಒಂದು ತಂಡಕ್ಕೆ ವಾದಿಸಲು ಇಬ್ಬರು, ಹುಡುಕಿ ಕೊಡಲು ಒಬ್ಬ ಬೇಕು. ಸಮಸ್ಯೆ ಕೈಗಿಟ್ಟು ಕನಿಷ್ಠ ಹದಿನೈದು ದಿನ ಬಿಟ್ಟರೆ ಮಾತ್ರ ಎರಡೂ ಕಡೆಯ ಲಿಖಿತ ವಾದ ಸಿದ್ಧವಾಗುತ್ತದೆ. ಆಚರಣೆಯ ಆದೇಶ ಒಂದು ವಾರ ಮುಂಚೆಯಷ್ಟೇ ಬಂದರೆ ಉಳಿಯುವುದು ರಸಪ್ರಶ್ನೆ, ಪ್ರಬಂಧ. ಘಟ್ಟದ ಮೇಲೆ ಆಗ ಅಡಿಕೆಯ ಕೊನೆಕೊಯ್ಲಿನ ಕಾಲ ಬೇರೆ, ತೋಟದ ಮನೆಯ ಹುಡುಗರು ಅರ್ಧ ಹಾಜರಿ. ರಾತ್ರಿಯಿಡೀ ಕೂತು ತಾಳಮದ್ದಲೆಯ ವಾದ ಕೇಳುವ ಸೀಮೆಯಲ್ಲಿ ಸಂವಿಧಾನದ ಹೆಸರಿನಲ್ಲಿ ಒಂದು ಗಂಟೆಯ ವಾದವೂ ಇಲ್ಲವೆಂದರೆ ಸೋಜಿಗವೇ.

ವಾದಕ್ಕೆ ವಿಷಯ ಹುಡುಕಿ ದಿಲ್ಲಿಗೆ ಹೋಗಬೇಕಿಲ್ಲ. 1950ರಲ್ಲಿ ಕಾರವಾರ ಮುಂಬೈ ರಾಜ್ಯದಲ್ಲಿತ್ತು. ಹಕ್ಕಿಗೆ ಧಕ್ಕೆಯಾದಾಗ ನೇರ ಹೈಕೋರ್ಟಿಗೆ ಹಾಕುವ 226ನೇ ವಿಧಿಯ ರಿಟ್ ಅರ್ಜಿಗೆ ಮುಂಬೈ ಹೈಕೋರ್ಟೇ ಗತಿ. ರಾಜ್ಯಗಳ ಮರುವಿಂಗಡಣೆಯಾದ 1956ರ ನವೆಂಬರ್ 1ರಿಂದ ಬೆಂಗಳೂರು, 2008ರ ಜುಲೈಯಿಂದ ಧಾರವಾಡದ ಪೀಠ. ಕಾಳಿ ನದಿ ದಾಟಿ, ಸದಾಶಿವಗಡ ಕಳೆದು ಮಾಜಾಳಿ ಗಡಿ ತಲುಪಿದರೆ 1961ರ ಡಿಸೆಂಬರಿನವರೆಗೆ ಆಚೆ ಪೋರ್ಚುಗೀಸ್ ಆಡಳಿತ. ನಮ್ಮ ಸಂವಿಧಾನ ಆ ಗಡಿಗೇ ನಿಲ್ಲುತ್ತಿತ್ತು. ಗೋವಾ ಒಳಗೆ ಬಂದದ್ದು 12ನೇ ತಿದ್ದುಪಡಿಯ ಮೂಲಕ.

ಇನ್ನೂ ಹತ್ತಿರದ್ದು ಪರಿಶಿಷ್ಟ ಪಂಗಡಗಳ ಪಟ್ಟಿಯ ಬಗ್ಗೆ ಹೇಳುವ 342ನೇ ವಿಧಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಅದೇ ಪಟ್ಟಿಗೆ ಸೇರಿಸಿ ಎಂಬ ಹಾಲಕ್ಕಿ ಒಕ್ಕಲಿಗರ ಬೇಡಿಕೆ ದಶಕಗಳಿಂದ ಹಾಗೆಯೇ ಇದೆ. ಪಟ್ಟಿಯನ್ನು ಮೊದಲು ಹೊರಡಿಸುವವರು ರಾಷ್ಟ್ರಪತಿ. ಒಮ್ಮೆ ಹೊರಟ ಮೇಲೆ ಒಂದು ಹೆಸರು ಸೇರಿಸಲೂ ತೆಗೆಯಲೂ ಸಂಸತ್ತಿನ ಕಾಯ್ದೆಯೇ ಆಗಬೇಕು. ಅದಕ್ಕೂ ಮುಂಚೆ ಕುಲಶಾಸ್ತ್ರ ಅಧ್ಯಯನದೊಂದಿಗೆ ರಾಜ್ಯದ ಶಿಫಾರಸು ಹೋಗಬೇಕು, ಜನಗಣತಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಜನರಲ್ ಒಪ್ಪಬೇಕು, ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗವೂ ಹೂಂ ಎನ್ನಬೇಕು. ಎಲ್ಲಿ ಒಂದು ಕಡೆ ಬೇಡವೆಂದರೂ ಕಡತ ಮುಂದೆ ಸಾಗುವುದಿಲ್ಲ. ಅಂಕೋಲೆ, ಕುಮಟೆಯ ಹಾಲಕ್ಕಿ ಮನೆಯಿಂದಲೇ ಕಾನೂನು ಓದಲು ಬಂದ ವಿದ್ಯಾರ್ಥಿಯನ್ನು ಅರ್ಜಿದಾರರ ಪರ ನಿಲ್ಲಿಸಿ, ಎದುರು ಪಕ್ಷಕ್ಕೆ ರಿಜಿಸ್ಟ್ರಾರ್ ಜನರಲ್ ಕಚೇರಿಯ ಪಾತ್ರ ಕೊಟ್ಟು ನೋಡಬಹುದು. ಸಮಸ್ಯೆಯ ಹಾಳೆ ದೀಪಾವಳಿ ರಜೆಗೆ ಮೊದಲೇ ಹುಡುಗರ ಕೈ ಸೇರಿರಬೇಕು.